ನಿಮಗಿದು ಗೊತ್ತೇ? ಥಂಡಿ ಕೋಣೆಗೂ ಬೆವರು ಬರುತ್ತದೆ!

ಉಗಾರ ಖುರ್ದದ ಸ್ಟೇಷನ್ ಹೊರಗೆ ಒಂದು ಥಂಡಿ ಸೋಡಾ ಸೀಸೆ ಕೊಳ್ಳಿ. ಎರಡೇ ನಿಮಿಷ! ಸೀಸೆಯ ಮೈತುಂಬ ಹನಿ. ಒಳಗಿನ ಸೋಡಾ ಗಾಜು ದಾಟಿ ಹೊರಗೆ ಬಂತೇ? ಖಂಡಿತ ಇಲ್ಲ. ಆ ನೀರು ನಿಮ್ಮ ಸುತ್ತಲಿನ ಗಾಳಿಯಲ್ಲೇ ಇತ್ತು. ಕಣ್ಣಿಗೆ ಕಾಣುತ್ತಿರಲಿಲ್ಲ, ಅಷ್ಟೇ!

ಇನ್ನೂ ಸೋಜಿಗ ಕೇಳಿ. ಆ ಹನಿ ಸೀಸೆಯನ್ನು ತಂಪು ಮಾಡುವುದಿಲ್ಲ, ಬಿಸಿ ಮಾಡುತ್ತದೆ! ಆವಿ ನೀರಾಗುವಾಗ ತನ್ನೊಳಗಿನ ಶಾಖವನ್ನು ಬಿಟ್ಟುಕೊಡುತ್ತದೆ. 300 ಮಿಲಿಲೀಟರ್ ಸೀಸೆಯ ಮೇಲೆ 5 ಗ್ರಾಂ ಹನಿ ಕೂತಿತು ಅನ್ನಿ. ಆ ಶಾಖವೆಲ್ಲ ಒಳಗೆ ಇಳಿದರೆ ಸೋಡಾ ಸುಮಾರು 10 ಡಿಗ್ರಿ ಬಿಸಿಯಾಗುತ್ತದೆ. ಬೆವರಿದ ಸೀಸೆಯನ್ನು ಒರೆಸಿಟ್ಟರೂ ಹೊಸ ಹನಿ ಬಂದೇ ಬರುತ್ತದೆ. ಬೇಗ ಕುಡಿದುಬಿಡಿ!

ಈಗ ಇದೇ ಸೀಸೆಯನ್ನು ಮನಸ್ಸಿನಲ್ಲೇ ಕೋಣೆಯಷ್ಟು ದೊಡ್ಡದು ಮಾಡಿ. ಮನುಷ್ಯ ನಡೆದುಕೊಂಡು ಒಳಗೆ ಹೋಗುವ ಫ್ರೀಜರ್ ಕೋಣೆ. ಐಸ್‌ಕ್ರೀಮ್ ಏಜೆನ್ಸಿಯವರ ಹತ್ತಿರ ಇರುತ್ತದೆ, ದೊಡ್ಡ ಹೋಟೆಲ್‌ಗಳಲ್ಲಿ ಇರುತ್ತದೆ. ಅದರ ಛಾವಣಿಗೆ ಬರ್ಫ ಕಟ್ಟಿದರೆ ಎಲ್ಲರೂ ಮೊದಲು ಮೆಷಿನ್ನನ್ನು ಬೈಯುತ್ತಾರೆ. ಆದರೆ ಮೆಷಿನ್ ಒಂದು ಹನಿ ನೀರನ್ನೂ ಹುಟ್ಟಿಸುವುದಿಲ್ಲ! ಒಂದೋ ಗಾಳಿ ತಂದದ್ದು, ಇಲ್ಲವೇ ಸರಕಿನ ಜೊತೆ ಬಂದದ್ದು. ಎಲ್ಲಿಂದ ಬಂತು ಎಂದು ಹುಡುಕುವುದೇ ಇಲ್ಲಿಯ ಮಜಾ.

ಅಂದಹಾಗೆ ಫ್ರೀಜರ್‌ಗೆ ಮೈನಸ್ 18 ಡಿಗ್ರಿಯೇ ಏಕೆ? 17 ಏಕಲ್ಲ, 20 ಏಕಲ್ಲ? ಅದು ಫ್ಯಾರನ್‌ಹೀಟ್ ಮಾಪಕದ ಸೊನ್ನೆ! ಬರ್ಫ, ನೀರು, ನವಸಾಗರ ಕಲಸಿದರೆ ಸಿಗುವ ಥಂಡಿಯನ್ನು ವಿಜ್ಞಾನಿ ಫ್ಯಾರನ್‌ಹೀಟ್ ಸೊನ್ನೆ ಎಂದು ಕರೆದ. ಹದಿನೆಂಟನೆಯ ಶತಮಾನದ ಆ ಸೊನ್ನೆ ಇವತ್ತಿಗೂ ನಮ್ಮ ಐಸ್‌ಕ್ರೀಮ್ ಕಾಯುತ್ತಿದೆ!

ಒಂದು ಪ್ರಶ್ನೆ. ಮಾರ್ಚ್‌ನ ಸುಡು ಮಧ್ಯಾಹ್ನ ಫ್ರೀಜರ್ ಬಾಗಿಲು ತೆರೆಯುವುದು ಕೆಟ್ಟದ್ದೋ, ಜುಲೈನ ತಂಪು ಮುಂಜಾನೆ ತೆರೆಯುವುದು ಕೆಟ್ಟದ್ದೋ? ಹತ್ತರಲ್ಲಿ ಒಂಬತ್ತು ಜನ ಮಾರ್ಚ್ ಅನ್ನುತ್ತಾರೆ. ಬರ್ಫದ ಲೆಕ್ಕದಲ್ಲಿ ಉತ್ತರ ಜುಲೈ!

ನೀವೇ ನೋಡಿ. ಮಾರ್ಚ್‌ನಲ್ಲಿ 38 ಡಿಗ್ರಿ ಬಿಸಿಲು, ತೇವಾಂಶ ಶೇಕಡಾ 20 ಎಂದು ಇಟ್ಟುಕೊಳ್ಳಿ. ಆ ಗಾಳಿಯ ಒಂದು ಘನ ಮೀಟರ್‌ನಲ್ಲಿ ಇರುವ ನೀರು ಸುಮಾರು 9 ಗ್ರಾಂ. ಜುಲೈನಲ್ಲಿ ಕೃಷ್ಣೆ ತುಂಬಿ ಹರಿಯುವಾಗ 25 ಡಿಗ್ರಿ, ತೇವಾಂಶ ಶೇಕಡಾ 85. ಈಗ ಅದೇ ಒಂದು ಘನ ಮೀಟರ್‌ನಲ್ಲಿ ಹತ್ತಿರ ಹತ್ತಿರ 20 ಗ್ರಾಂ! ಮೈಗೆ ಹಿತವೆನಿಸುವ ಮಳೆಗಾಲದ ಗಾಳಿ ಎರಡು ಪಟ್ಟು ನೀರು ಹೊತ್ತು ತಿರುಗುತ್ತದೆ. ಬೇಸಿಗೆಯಲ್ಲಿ ಚೆನ್ನಾಗಿದ್ದ ಫ್ರೀಜರ್ ಮೃಗಶಿರ, ಆರಿದ್ರಾ ಮಳೆ ಶುರುವಾದ ಕೂಡಲೇ ಬರ್ಫ ಕಟ್ಟಿತೇ? ಮೆಷಿನ್ ಕೆಟ್ಟಿತು ಅನ್ನುವ ಮೊದಲು ಬಾಗಿಲ ಕಡೆ ನೋಡಿ!

ಮೈನಸ್ 18 ಡಿಗ್ರಿಯ ಗಾಳಿ ಎಷ್ಟು ಆವಿ ಹಿಡಿದುಕೊಳ್ಳಬಲ್ಲದು ಗೊತ್ತೇ? ಒಂದು ಘನ ಮೀಟರ್‌ಗೆ ಬರೀ ಒಂದು ಗ್ರಾಂ. ಬರ್ಫದ ಮಧ್ಯೆ ನಿಂತ ಆ ಗಾಳಿಯಲ್ಲಿ ನಮ್ಮ ಮಾರ್ಚ್ ಮಧ್ಯಾಹ್ನದ ಗಾಳಿಗಿಂತ ಕಡಿಮೆ ನೀರು! ಒಳಗೆ ನುಗ್ಗಿದ 20 ಗ್ರಾಂನಲ್ಲಿ 19 ಗ್ರಾಂ ಎಲ್ಲಾದರೂ ಕೂರಲೇಬೇಕು. ಥಂಡಿ ಕೊಡುವ ಕಾಯಿಲ್ ಮೇಲೆ, ಛಾವಣಿಗೆ, ಡಬ್ಬಿಗಳ ಮೇಲೆ, ನೆಲದ ಮೇಲೆ.

12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಕೋಣೆ ಇದೆ ಅನ್ನಿ. ಜುಲೈನಲ್ಲಿ ಬಾಗಿಲು ತೆರೆದಿಟ್ಟು ಸರಕು ಇಳಿಸಿದಿರಿ. ಒಳಗಿನ ಗಾಳಿ ಪೂರ್ತಿ ಒಂದು ಸಲ ಬದಲಾಯಿತು. ಒಳಗೆ ಬಂದ ನೀರು 600 ಗ್ರಾಂಗಿಂತ ಹೆಚ್ಚು! ಯಾರೂ ಬಿಂದಿಗೆ ಹೊತ್ತು ತರಲಿಲ್ಲ, ಆದರೂ ಅರ್ಧ ಲೀಟರ್ ಮೀರಿ ನೀರು ಒಳಗೆ ಬಂದುಬಿಟ್ಟಿತು.

ಆ ನೀರಿನ ಬೆಲೆ ಕರೆಂಟ್ ಬಿಲ್‌ನಲ್ಲಿ ಬರುತ್ತದೆ. ಒಂದು ಕಿಲೋ ಆವಿಯನ್ನು ಬರ್ಫ ಮಾಡಲು ಮೆಷಿನ್ ಹೊರಗೆ ಎಸೆಯಬೇಕಾದ ಶಾಖದಿಂದ ಸುಮಾರು 9 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ಕಾಯಿಸಬಹುದು! ಅದನ್ನು ಮತ್ತೆ ಕರಗಿಸಿ ಹೊರಗೆ ಕಳಿಸುವ ಹೀಟರ್ ಖರ್ಚು ಬೇರೆ.

ಈಗ ಪತ್ತೇದಾರಿ ಕೆಲಸ. ಬರ್ಫವನ್ನು ಒಡೆಯುವ ಮೊದಲು ಅದರ ರೂಪ ನೋಡಿ. ಹತ್ತಿಯ ಹಾಗೆ ಬೆಳ್ಳಗೆ, ಉಗುರು ತಾಗಿಸಿದರೆ ಉದುರುವಂತಿದೆಯೇ? ಅದು ಗಾಳಿಯ ಆವಿ. ನೀರಾಗುವ ಗೊಡವೆಗೇ ಹೋಗದೆ ನೇರವಾಗಿ ಬರ್ಫವಾಗಿದೆ! ಗಾಜಿನ ಹಾಗೆ ಪಾರದರ್ಶಕ, ಕಲ್ಲಿನ ಹಾಗೆ ಗಟ್ಟಿಯೇ? ಅದು ಮೊದಲು ನೀರಾಗಿ ಹರಿದು ಆಮೇಲೆ ಹೆಪ್ಪುಗಟ್ಟಿದ್ದು. ಅಂದರೆ ಎಲ್ಲೋ ತೊಟ್ಟಿಕ್ಕಿದೆ, ಇಲ್ಲವೇ ಕರಗಿದ ನೀರು ಹೊರಗೆ ಹೋಗುವ ಡ್ರೈನ್ ಕಟ್ಟಿದೆ. ಎರಡೂ ಬರ್ಫವೇ, ಕಾರಣ ಮಾತ್ರ ಬೇರೆ ಬೇರೆ!

ಇನ್ನು ಜಾಗ ನೋಡಿ. ಬಾಗಿಲ ಮೇಲಿನ ಮೂಲೆಯಲ್ಲಿ ಬಿಳಿ ಬರ್ಫವೇ? ಅದಕ್ಕೂ ಕಾರಣವಿದೆ. ಥಂಡಿ ಗಾಳಿ ಭಾರ. ಬಾಗಿಲು ತೆರೆದರೆ ಅದು ಕೆಳಗಿನಿಂದ ಹೊರಗೆ ಸುರಿಯುತ್ತದೆ, ಕಾಲಿಗೆ ತಣ್ಣಗೆ ತಾಗುತ್ತದಲ್ಲ, ಅದೇ. ಹೊರಗಿನ ಬಿಸಿ ಗಾಳಿ ಮೇಲಿನಿಂದ ಒಳಗೆ ನುಗ್ಗುತ್ತದೆ. ಒಂದೇ ಬಾಗಿಲು, ಒಂದೇ ಹೊತ್ತು, ಎರಡು ಗಾಳಿ ಎದುರುಬದುರು! ಬಾಗಿಲು ಸರಿಯಾಗಿ ಮುಚ್ಚದಿದ್ದರೆ ಮೇಲಿನ ಸಂದಿಯೇ ಮೊದಲು ಹೇಳುತ್ತದೆ.

ಮೇಲಿನಿಂದ ನುಗ್ಗುವ ಆ ಗಾಳಿ ಬಿಸಿಯಷ್ಟೇ ಅಲ್ಲ, ಒದ್ದೆಯೂ ಹೌದು. ಒದ್ದೆ ಗಾಳಿ ಒಣ ಗಾಳಿಗಿಂತ ಹಗುರ ಎಂಬುದನ್ನು ನಂಬುತ್ತೀರಾ? ಒದ್ದೆ ಬಟ್ಟೆ ಭಾರ, ಒದ್ದೆ ಮಣ್ಣು ಭಾರ, ಒದ್ದೆ ಗಾಳಿ ಮಾತ್ರ ಹಗುರ! ನೀರಾವಿಯ ಅಣುವಿನ ತೂಕ 18. ಒಣ ಗಾಳಿಯ ಸರಾಸರಿ 29.

ಬಾಗಿಲ ರಬ್ಬರ್ ಪಟ್ಟಿ ಸರಿ ಇದೆಯೇ ನೋಡಲು ಯಾವ ಯಂತ್ರವೂ ಬೇಡ. ಹತ್ತು ರೂಪಾಯಿ ನೋಟು ಸಾಕು! ನೋಟನ್ನು ಚೌಕಟ್ಟಿಗೆ ಹಿಡಿದು ಬಾಗಿಲು ಮುಚ್ಚಿ ಎಳೆಯಿರಿ. ಬಿಗಿಯಾಗಿ ಬಂದರೆ ಒಳ್ಳೆಯದು. ಸರಕ್ಕನೆ ಜಾರಿದರೆ ಅಲ್ಲೇ ಗಾಳಿ ನುಗ್ಗುತ್ತಿದೆ. ಸುತ್ತಲೂ ಗೇಣು ಗೇಣಿಗೊಮ್ಮೆ ಹೀಗೆ ನೋಡಿ. ಇನ್ನೊಂದು ಉಪಾಯ ರಾತ್ರಿಗೆ. ಒಳಗಿನ ದೀಪ ಹಚ್ಚಿ, ಬಾಗಿಲು ಮುಚ್ಚಿ, ಹೊರಗಿನ ದೀಪ ಆರಿಸಿ ನಿಲ್ಲಿ. ಎಲ್ಲಿ ಬೆಳಕಿನ ಗೆರೆ ಕಂಡಿತೋ ಅಲ್ಲಿ ದಾರಿ!

ಫ್ರೀಜರ್ ಬಾಗಿಲ ಚೌಕಟ್ಟಿನೊಳಗೆ ಒಂದು ಹೀಟರ್ ತಂತಿ ಅಡಗಿದೆ. ಹೌದು, ಥಂಡಿ ಕೋಣೆಗೆ ಬಿಸಿ ಚೌಕಟ್ಟು! ಇಲ್ಲದಿದ್ದರೆ ರಬ್ಬರ್ ಪಟ್ಟಿ ಬರ್ಫಕ್ಕೆ ಅಂಟಿಕೊಂಡು, ತೆರೆದಾಗಲೆಲ್ಲ ಹರಿಯುತ್ತದೆ. ಚೌಕಟ್ಟನ್ನು ಕೈಯಿಂದ ಮುಟ್ಟಿ ನೋಡಿ. ಒಂದು ಕಡೆ ಉಗುರು ಬೆಚ್ಚಗೆ, ಇನ್ನೊಂದು ಕಡೆ ಕೊರೆಯುವ ಥಂಡಿ, ಅಲ್ಲೇ ಬರ್ಫದ ಗೆರೆ. ಆ ಕಡೆಯ ತಂತಿ ಸತ್ತಿದೆ!

ಬಾಗಿಲು ಮುಚ್ಚಿದ ಮರುಕ್ಷಣ ಮತ್ತೆ ತೆರೆಯಲು ಹೋಗಿ ಸೋತವರು ಎಷ್ಟೋ ಜನ. ಯಾರೋ ಒಳಗಿನಿಂದ ಹಿಡಿದೆಳೆದ ಹಾಗೆ! ಒಳಗೆ ಬಂದ ಬಿಸಿ ಗಾಳಿ ಥಂಡಿಯಾಗಿ ಕುಗ್ಗುತ್ತದೆ, ಒಳಗಿನ ಒತ್ತಡ ಇಳಿಯುತ್ತದೆ. ಒತ್ತಡ ಶೇಕಡಾ ಒಂದರಷ್ಟು ಇಳಿದರೆ ಸಾಕು. 7 ಅಡಿ ಎತ್ತರ, 3 ಅಡಿ ಅಗಲದ ಬಾಗಿಲ ಮೇಲೆ ಹೊರಗಿನ ಗಾಳಿ ಸುಮಾರು ಎರಡು ಕ್ವಿಂಟಾಲ್ ಭಾರದಷ್ಟು ಒತ್ತುತ್ತದೆ! ಅದಕ್ಕೇ ಗೋಡೆಯಲ್ಲಿ ಗಾಳಿ ಸಮ ಮಾಡುವ ಒಂದು ಸಣ್ಣ ಕಿಂಡಿ ಇರುತ್ತದೆ. ಆ ಕಿಂಡಿಗೂ ಹೀಟರ್! ಹೀಟರ್ ಕೆಟ್ಟರೆ ಕಿಂಡಿಯಲ್ಲಿ ಬರ್ಫ ಕಟ್ಟುತ್ತದೆ. ಆಗ ಕೋಣೆ ಬೇರೆ ದಾರಿ ಹುಡುಕಿ ಗಾಳಿ ಎಳೆದುಕೊಳ್ಳುತ್ತದೆ. ಪ್ಯಾನೆಲ್ ಜೋಡಣೆಯಿಂದ, ವೈರ್ ತೂತಿನಿಂದ, ಡ್ರೈನ್ ಪೈಪಿನಿಂದ. ಎಲ್ಲೆಲ್ಲೋ ಹೊಸ ಬರ್ಫ. ಅಪರಾಧಿ ಮಾತ್ರ ಅಂಗೈಯಗಲದ ಒಂದು ಕಿಂಡಿ!

ಬಲ್ಬಿಗೆ ಹಾಕಿದ ಗಾಜಿನ ಕವಚದೊಳಗೆ ನೀರು ಅಥವಾ ಬರ್ಫ ತುಂಬಿದ್ದು ನೋಡಿದ್ದೀರಾ? ವೈರ್ ಬರುವ ಪೈಪ್ ಹೊರಗಿನ ಗಾಳಿಗೆ ನೇರ ಸುರಂಗ! ಪೈಪಿನ ಹೊರಗಡೆಯಷ್ಟೇ ಅಲ್ಲ, ಒಳಗೂ ವೈರ್ ಸುತ್ತ ಸೀಲ್ ಮಾಡಬೇಕು. ಎಷ್ಟೋ ಕಡೆ ಇದನ್ನೇ ಮರೆತಿರುತ್ತಾರೆ.

ಛಾವಣಿಯಲ್ಲಿ, ಅದೂ ಫ್ಯಾನ್ ಎದುರಿಗೇ ಬರ್ಫದ ಮುಳ್ಳುಗಳು? ಇದು ನನಗೆ ತುಂಬ ಇಷ್ಟದ ಸುಳಿವು. ಕಾಯಿಲ್ ಮೇಲಿನ ಬರ್ಫ ಕರಗಿಸಲು ದಿನಕ್ಕೆ ಕೆಲವು ಸಲ ಹೀಟರ್ ಹೊತ್ತಿಕೊಳ್ಳುತ್ತದೆ. ಇದೇ ಡಿಫ್ರಾಸ್ಟ್. ಹೀಟರ್ ಆರಿದ ಮೇಲೆ ಫ್ಯಾನ್ ಕೂಡಲೇ ತಿರುಗಬಾರದು! ಒಂದೆರಡು ನಿಮಿಷ ಕಾಯಬೇಕು. ಉಳಿದ ಹನಿಗಳು ಮತ್ತೆ ಕಾಯಿಲ್‌ಗೇ ಅಂಟಿ ಹೆಪ್ಪುಗಟ್ಟಬೇಕು. ಕಾಯದೆ ತಿರುಗಿದರೆ ಫ್ಯಾನ್ ಬಿಸಿ ಆವಿಯನ್ನೂ ಹನಿಗಳನ್ನೂ ಛಾವಣಿಗೆ ಉಗಿಯುತ್ತದೆ. ಎರಡು ನಿಮಿಷದ ಅವಸರ, ತಿಂಗಳುಗಟ್ಟಲೆ ಬರ್ಫ!

ಕಾಯಿಲ್ ಪೂರ್ತಿ ಬರ್ಫದ ಗೋಡೆಯಾಗಿದ್ದರೆ ಡಿಫ್ರಾಸ್ಟ್ ಹೀಟರ್ ಅಥವಾ ಟೈಮರ್ ಮೇಲೆ ಅನುಮಾನ ಪಡಿ. ಒಂದು ಮೂಲೆಯಲ್ಲಿ ಮಾತ್ರ ಬರ್ಫ, ಉಳಿದದ್ದೆಲ್ಲ ಬೋಳು ಎಂದರೆ ಕತೆ ಬೇರೆ. ಗ್ಯಾಸ್ ಕಡಿಮೆಯಾಗಿರಬಹುದು, ಗ್ಯಾಸ್ ಬಿಡುವ ವಾಲ್ವ್ ಕಟ್ಟಿರಬಹುದು. ಅದು ಮೆಕ್ಯಾನಿಕ್ ಕೆಲಸ. ದಯವಿಟ್ಟು ಸ್ಕ್ರೂಡ್ರೈವರ್ ಹಿಡಿದು ಬರ್ಫ ಕೆತ್ತಲು ಹೋಗಬೇಡಿ. ತೆಳು ಪೈಪ್ ತೂತಾದರೆ ಗ್ಯಾಸೆಲ್ಲ ಹೊರಗೆ!

ಡ್ರೈನ್ ಪೈಪಿಗೂ ಒಂದು ಹೀಟರ್ ಇದೆ. ಇಲ್ಲದಿದ್ದರೆ ಕರಗಿದ ನೀರು ಹೊರಗೆ ಹೋಗುವ ಮೊದಲೇ ದಾರಿಯಲ್ಲಿ ಗಟ್ಟಿ. ಹೊರಗಡೆ ಪೈಪ್ ಒಂದು ಕಡೆ ಬಾಗಿರುತ್ತದೆ, ವಾಶ್ ಬೇಸಿನ್ ಕೆಳಗೆ ಇರುತ್ತದಲ್ಲ, ಹಾಗೆ. ಆ ಬಾಗಿನಲ್ಲಿ ನಿಂತ ಅಂಗೈಯಷ್ಟು ನೀರೇ ಹೊರಗಿನ ಗಾಳಿಗೆ ಮುಚ್ಚಿದ ಬಾಗಿಲು! ಬೇಸಿಗೆಯಲ್ಲಿ ಆ ನೀರು ಒಣಗಿತೋ, ಪೈಪಿನ ಮೂಲಕ ಒದ್ದೆ ಗಾಳಿ ಹಗಲೂ ರಾತ್ರಿ ಒಳಗೆ.

ಗೋಡೆಯೊಳಗೆ ನೀರು ಹೊಕ್ಕರೆ? ಅದು ಎಲ್ಲಕ್ಕಿಂತ ಕೆಟ್ಟದ್ದು. ಗೋಡೆ ಪಫ್ ಪ್ಯಾನೆಲ್, ಒಳಗೆ ಗಾಳಿಗುಳ್ಳೆಯಂಥ ಫೋಮ್. ಅದೇ ದಪ್ಪದ ಬರ್ಫ ಅದಕ್ಕಿಂತ ನೂರರ ಹತ್ತಿರ ಪಟ್ಟು ಹೆಚ್ಚು ಶಾಖ ಬಿಟ್ಟುಕೊಡುತ್ತದೆ! ಹೊರಗಡೆ ಗೋಡೆ ಒಂದು ಜಾಗದಲ್ಲಿ ಮಾತ್ರ ಬೆವರುತ್ತಿದ್ದರೆ, ಅಲ್ಲಿ ಫೋಮ್ ನೀರು ಕುಡಿದಿದೆ ಎಂದೇ ಅನುಮಾನಿಸಬೇಕು. ಜೋಡಣೆಯ ಸೀಲ್ ಹಾಕಬೇಕಾದದ್ದು ಮುಖ್ಯವಾಗಿ ಹೊರಮೈಗೆ. ಆವಿ ಬರುವುದು ಆ ಕಡೆಯಿಂದಲೇ. ರೇನ್‌ಕೋಟನ್ನು ಸ್ವೆಟರ್ ಒಳಗೆ ಹಾಕಿಕೊಂಡರೆ ಸ್ವೆಟರ್ ನೆನೆಯುವುದಿಲ್ಲವೇ?

ಫ್ರೀಜರ್ ಕೋಣೆಯ ಕೆಳಗಿನ ನೆಲಕ್ಕೂ ಕೆಲವು ಕಡೆ ಬಿಸಿ ಕೊಡುತ್ತಾರೆ! ಕೊಡದಿದ್ದರೆ ವರ್ಷಾನುಗಟ್ಟಲೆ ಥಂಡಿ ಇಳಿದು ಮಣ್ಣಿನ ನೀರು ಹೆಪ್ಪುಗಟ್ಟುತ್ತದೆ. ನೀರು ಬರ್ಫವಾದರೆ ಶೇಕಡಾ 9ರಷ್ಟು ಹಿಗ್ಗುತ್ತದೆ. ಮಣ್ಣಿನಲ್ಲಿ ಅದು ಇನ್ನಷ್ಟು ನೀರನ್ನು ಕೆಳಗಿನಿಂದ ಎಳೆದುಕೊಂಡು ಪದರ ಪದರವಾಗಿ ಬೆಳೆಯುತ್ತದೆ. ಕಾಂಕ್ರೀಟ್ ನೆಲವೇ ಉಬ್ಬಿ ಏಳುತ್ತದೆ. ನದಿ ದಂಡೆಯ ಹಸಿ ಮಣ್ಣಿನಲ್ಲಿ ಕಟ್ಟುವವರು ಇದನ್ನು ಮೊದಲೇ ಯೋಚಿಸಬೇಕು.

ಇಲ್ಲೊಂದು ಮನೆಗೂ ಆಗುವ ಪರೀಕ್ಷೆ. ಮಳೆಗಾಲದಲ್ಲಿ ನೆಲ ಒದ್ದೆ. ನೀರು ಕೆಳಗಿನಿಂದ ಏರಿದ್ದೋ, ಗಾಳಿಯಿಂದ ಇಳಿದದ್ದೋ? ಒಂದು ಮೊಳದಗಲದ ಪ್ಲಾಸ್ಟಿಕ್ ಹಾಳೆಯನ್ನು ಒರೆಸಿದ ನೆಲಕ್ಕೆ ನಾಲ್ಕೂ ಕಡೆ ಟೇಪ್ ಹಚ್ಚಿ ರಾತ್ರಿ ಬಿಡಿ. ಮರುದಿನ ಹಾಳೆಯ ಕೆಳಗೆ ನೀರಿದ್ದರೆ ನೆಲದ್ದು. ಮೇಲೆ ನೀರಿದ್ದರೆ ಗಾಳಿಯದ್ದು. ಐದು ರೂಪಾಯಿಯ ಪ್ಲಾಸ್ಟಿಕ್ ಸಾವಿರಾರು ರೂಪಾಯಿಯ ವಾದ ತೀರಿಸುತ್ತದೆ!

ತೇವಾಂಶ ತೋರಿಸುವ ಮೀಟರ್ ಸುಳ್ಳು ಹೇಳುತ್ತಿದೆಯೇ? ಅಡುಗೆ ಉಪ್ಪು ಅದರ ಪರೀಕ್ಷಕ! ಚಿಕ್ಕ ಬಟ್ಟಲಲ್ಲಿ ಉಪ್ಪು ಹಾಕಿ, ಕೆಸರಿನಂತೆ ಆಗುವಷ್ಟು ಮಾತ್ರ ನೀರು ಬೆರೆಸಿ. ಮೀಟರ್ ಜೊತೆ ಬಿಗಿ ಡಬ್ಬಿಯೊಳಗೆ ಇಡಿ. ಕೆಲವು ಗಂಟೆ ಕಳೆದ ಮೇಲೆ ಒಳಗಿನ ತೇವಾಂಶ ಶೇಕಡಾ 75ಕ್ಕೆ ಬಂದು ನಿಲ್ಲುತ್ತದೆ. ಉಗಾರದಲ್ಲಾದರೂ ಲಂಡನ್‌ನಲ್ಲಾದರೂ ಅದೇ 75!

ಹಳೆಯ ಕಾಲದ ಮೀಟರ್ ಯಾವುದರಿಂದ ಮಾಡಿದ್ದು ಗೊತ್ತೇ? ಮನುಷ್ಯನ ತಲೆಗೂದಲಿನಿಂದ! ತೇವ ಹೆಚ್ಚಾದರೆ ಕೂದಲು ಉದ್ದವಾಗುತ್ತದೆ, ಒಣಗಿದರೆ ಗಿಡ್ಡವಾಗುತ್ತದೆ. ಸ್ವಿಸ್ ವಿಜ್ಞಾನಿ ಸೊಸ್ಯೂರ್ 1783ರಲ್ಲೇ ಇದನ್ನು ವಿವರಿಸಿ ಬರೆದಿದ್ದ.

ಏರ್ ಕಂಡಿಷನರ್ ಹುಟ್ಟಿದ್ದು ಮನುಷ್ಯರಿಗೆ ತಂಪು ಕೊಡಲು ಅಲ್ಲ! 1902ರಲ್ಲಿ ನ್ಯೂಯಾರ್ಕ್‌ನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಲ್ಲಿ ಒದ್ದೆ ಗಾಳಿಗೆ ಕಾಗದ ಹಿಗ್ಗಿ ಬಣ್ಣದ ಮೇಲೆ ಬಣ್ಣ ಸರಿಯಾಗಿ ಕೂರುತ್ತಿರಲಿಲ್ಲ. ಗಾಳಿಯ ತೇವ ತೆಗೆಯಲು 25ರ ಹುಡುಗ ವಿಲ್ಲಿಸ್ ಕ್ಯಾರಿಯರ್ ಯಂತ್ರ ರೂಪಿಸಿದ. ತಂಪು ಅದರ ಜೊತೆಗೆ ಬಂದ ಲಾಭ!

ಈಗ ನಮ್ಮ ಅಥಣಿ, ಕಾಗವಾಡ ಕಡೆಯ ದ್ರಾಕ್ಷಿಗೆ ಬರೋಣ. ಒಂದು ಕಿಲೋ ಒಣದ್ರಾಕ್ಷಿಗೆ ಸುಮಾರು ನಾಲ್ಕು ಕಿಲೋ ಹಸಿ ದ್ರಾಕ್ಷಿ ಬೇಕು. ಉಳಿದ ಮೂರು ಕಿಲೋ? ಗಾಳಿಗೆ ಹೋದ ನೀರು! ಶೆಡ್ಡಿನ ಬಲೆಗಳ ಮೇಲೆ ಅಷ್ಟು ದಿನ ಕಾದು ಓಡಿಸಿದ ನೀರಿನಲ್ಲಿ ತುಸು ಬೇಗನೆ ಮರಳಿ ಬರಬಹುದು. ಹೇಗೆ? ಕೋಲ್ಡ್ ಸ್ಟೋರೇಜ್‌ನಿಂದ ತೆಗೆದ ಬಾಕ್ಸನ್ನು ಕೂಡಲೇ ಬಿಚ್ಚಿದರೆ! 4 ಡಿಗ್ರಿಯ ಒಣದ್ರಾಕ್ಷಿಗೆ ಹೊರಗಿನ ಗಾಳಿ ತಾಗಿದೊಡನೆ ಸೋಡಾ ಸೀಸೆಯ ಕತೆಯೇ. ಕಾಳಿಗೆ ಕಾಳು ಅಂಟು ಅಂಟು, ಆಮೇಲೆ ಬೂಸು.

ಜುಲೈನ ಆ 25 ಡಿಗ್ರಿ ಗಾಳಿಯಲ್ಲಿ 22 ಡಿಗ್ರಿಗಿಂತ ತಂಪಾಗಿರುವ ಯಾವ ವಸ್ತುವಾದರೂ ಬೆವರುತ್ತದೆ! ಉಪಾಯ ಬಹಳ ಸರಳ. ಬಾಕ್ಸ್ ಬಿಚ್ಚದೆ, ಒಳಗಿನ ಪ್ಲಾಸ್ಟಿಕ್ ಚೀಲದ ಬಾಯಿ ತೆಗೆಯದೆ ಹಾಗೇ ಇಡಿ. ಸರಕು ಹೊರಗಿನ ಬಿಸಿಗೆ ಬರಲಿ. ಹನಿ ಚೀಲದ ಹೊರಗೆ ಕೂತು ಅಲ್ಲೇ ಆರಿಹೋಗುತ್ತದೆ, ಕಾಳಿಗೆ ತಾಗುವುದೇ ಇಲ್ಲ. ನಮ್ಮ ರೈತರು ಒಂದಿಡೀ ಸೀಸನ್ನಿನ ದುಡಿಮೆಯನ್ನು ಆ ಬಾಕ್ಸಿನಲ್ಲಿ ಇಟ್ಟಿರುತ್ತಾರೆ. ಒಂದು ರಾತ್ರಿ ಕಾಯುವುದು ಏನು ಮಹಾ!

ಹಸಿ ದ್ರಾಕ್ಷಿಯ ಬಾಕ್ಸಿನಲ್ಲಿ ಒಂದು ಕಾಗದದ ಹಾಳೆ ಇಟ್ಟಿರುತ್ತಾರೆ, ನೋಡಿದ್ದೀರಾ? ಬಾಕ್ಸಿನೊಳಗಿನ ತೇವ ತಾಗಿದರೆ ಅದು ಗಂಧಕದ ಗಾಳಿ ಬಿಟ್ಟು ಬೂಸು ತಡೆಯುತ್ತದೆ. ಒಳಗೆ ಹನಿ ಕೂತಿತೋ, ಒಮ್ಮೆಲೇ ಜಾಸ್ತಿ ಗಾಳಿ ಬಿಡುತ್ತದೆ. ಕಾಯಬೇಕಾದ ಹಾಳೆಯೇ ಹಣ್ಣಿನ ಬಣ್ಣ ತೆಗೆಯುತ್ತದೆ!

ಉಗಾರ ಶುಗರ್ ವರ್ಕ್ಸ್ ಸ್ಥಾಪನೆಯಾದದ್ದು 1939ರಲ್ಲಿ. ಸಕ್ಕರೆಯ ಊರಿನವರಿಗೆ ಸಕ್ಕರೆಯದೇ ಒಂದು ಸೋಜಿಗ. ಸಕ್ಕರೆ ಚೀಲ ಕಲ್ಲಾಗಲು ಒದ್ದೆಯಾದರೆ ಸಾಲದು, ಮತ್ತೆ ಒಣಗಬೇಕು! ತೇವಕ್ಕೆ ಹರಳಿನ ಮೈ ತುಸು ಕರಗುತ್ತದೆ. ಒಣಗುವಾಗ ಅದೇ ಪಾಕ ಪಕ್ಕದ ಹರಳಿಗೆ ಬೆಸುಗೆ ಹಾಕುತ್ತದೆ.

ಐಸ್‌ಕ್ರೀಮ್ ಡಬ್ಬಿಯ ಮುಚ್ಚಳದ ಒಳಗೆ ಬರ್ಫ ಕಂಡರೆ ಅದು ಹೊರಗಿನದ್ದಲ್ಲ. ಐಸ್‌ಕ್ರೀಮ್‌ನದ್ದೇ ನೀರು! ಥಂಡಿ ಏರಿಳಿತವಾದಾಗಲೆಲ್ಲ ತಿನಿಸಿನ ಬರ್ಫ ಕರಗದೆಯೇ ಆವಿಯಾಗಿ ಮುಚ್ಚಳಕ್ಕೆ ಹೋಗಿ ಅಂಟುತ್ತದೆ. ಆ ಬರ್ಫ ನಿಮಗೆ ಹೇಳುವುದಿಷ್ಟೇ: ಈ ಕೋಣೆಯ ಥಂಡಿ ಒಂದೇ ಸಮ ಇರಲಿಲ್ಲ.

ಬರ್ಫ ಮಾಡುವ ಯಂತ್ರವಿಲ್ಲದ ಕಾಲದಲ್ಲಿ, 1833ರಲ್ಲಿ, ಅಮೆರಿಕದ ಬಾಸ್ಟನ್‌ನಿಂದ ಕಲ್ಕತ್ತೆಗೆ ಹಡಗಿನಲ್ಲಿ ಕೆರೆಯ ಬರ್ಫ ಬಂದಿತ್ತು! ಹೊರಟದ್ದು 180 ಟನ್. ನಾಲ್ಕು ತಿಂಗಳ ಸಮುದ್ರಯಾನ ಮುಗಿಸಿ ತಲುಪಿದ್ದು ಸುಮಾರು 100 ಟನ್. ಆ ವ್ಯಾಪಾರದವರು ಬರ್ಫ ಕಾಯಲು ನಂಬಿದ್ದು ಮರದ ಹೊಟ್ಟನ್ನು. ಒಂದೇ ಷರತ್ತು, ಹೊಟ್ಟು ಒಣಗಿರಬೇಕು.

ನಮ್ಮ ಹಿರಿಯರ ಹಗೇವು ಗೊತ್ತಲ್ಲ? ನೆಲದಡಿಯ ಧಾನ್ಯದ ಕೋಣೆ! ಕರೆಂಟಿಲ್ಲ, ಕಂಪ್ರೆಸರ್ ಇಲ್ಲ. ಗೋಡೆಗೆ ಒಣ ಹುಲ್ಲು, ಬಾಯಿಗೆ ಬಿಗಿ ಮಣ್ಣು. ಒಳಗೆ ಹೊಸ ಗಾಳಿ ಬರದಿದ್ದರೆ ಹೊಸ ತೇವವೂ ಬರುವುದಿಲ್ಲ! ಬಾಯಿ ತೆಗೆದ ಕೂಡಲೇ ಮಾತ್ರ ಯಾರೂ ಇಳಿಯುತ್ತಿರಲಿಲ್ಲ. ಉಸಿರಾಡುವ ಗಾಳಿ ಅಲ್ಲಿ ಉಳಿದಿರುವುದಿಲ್ಲ. ದೀಪ ಇಳಿಬಿಟ್ಟು, ಅದು ಆರದಿದ್ದರೆ ಇಳಿಯುವುದು. ಗಾಳಿ ಬಿಡದ ಕೋಣೆ ಧಾನ್ಯಕ್ಕೆ ಜೀವ, ಮನುಷ್ಯನಿಗೆ ಅಪಾಯ. ಅದಕ್ಕೇ ಇವತ್ತಿನ ಫ್ರೀಜರ್ ಕೋಣೆಯ ಬಾಗಿಲಿಗೆ ಒಳಗಿನಿಂದ ತಳ್ಳಿ ತೆರೆಯುವ ಹಿಡಿ ಇರಲೇಬೇಕು. ಅದಕ್ಕೆ ಬರ್ಫ ಕಟ್ಟಿದ್ದು ಕಂಡರೆ ಬೇರೆಲ್ಲ ಕೆಲಸ ಬಿಟ್ಟು ಮೊದಲು ಅದನ್ನು ಸರಿಮಾಡಿಸಿ.

ಕೊನೆಗೆ ಎಲ್ಲಕ್ಕಿಂತ ಅಗ್ಗದ ಉಪಕರಣ, ಬಕೆಟ್! ಡ್ರೈನ್ ಪೈಪಿನ ಕೆಳಗೆ ಇಡಿ. ಡಿಫ್ರಾಸ್ಟ್ ಆದಾಗ ಎಷ್ಟು ನೀರು ಬಿತ್ತು, ದಿನಾಲೂ ಗೋಡೆಯ ಕ್ಯಾಲೆಂಡರ್ ಮೇಲೆ ಬರೆಯಿರಿ. ನೀರು ಒಮ್ಮೆಲೇ ಹೆಚ್ಚಿತೇ? ಬಾಗಿಲೋ ರಬ್ಬರೋ ಕಿಂಡಿಯೋ ಬಿಟ್ಟುಕೊಟ್ಟಿದೆ. ನೀರು ಬರುವುದೇ ನಿಂತಿತೇ? ಖುಷಿಪಡಬೇಡಿ! ಡ್ರೈನ್ ಕಟ್ಟಿರಬಹುದು, ಹೀಟರ್ ಸತ್ತಿರಬಹುದು. ಆ ನೀರೆಲ್ಲ ಈಗ ಒಳಗೇ ಬರ್ಫವಾಗುತ್ತಿದೆ. ನಾಳೆಯೇ ಒಂದು ಬಕೆಟ್ ಇಟ್ಟು ನೋಡಿ.